ಆವಾಜ್ ಬಂದ್ ಮಾಡಿ ನೋಡಿದ ಪ್ಲೇಯರ್

ಶಹಾಬಾದಿನ ಶಾರದಾಬಾಯಿಯವರಿಗೆ ಸಿಟ್ಟು ಬರುತ್ತದೆ ಎಂದರೆ ತಪ್ಪಾಗುತ್ತದೆ. ಸಿಟ್ಟು ಅವರ ಹತ್ತಿರವೇ ಇರುತ್ತದೆ. ಆಗಾಗ ಹೊರಗೆ ಹೋಗಿ ಬರುತ್ತದೆ, ಅಷ್ಟೆ. ಪ್ರೈಮರಿ ಶಾಲೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಮಗ್ಗಿ ಹೇಳಿಸುತ್ತ ಬಂದವರು. ಈಗ ಟಂಟಂ ಓಡಿಸುವವರು, ಫರಸಿ ಕಲ್ಲಿಗೆ ಪಾಲಿಶ್ ಹಾಕುವವರು, ಮೀಸೆ ಬಲಿತ ಗಂಡಸರು ಕೂಡ ಅವರು ಎದುರಿಗೆ ಬಂದರೆ ಬಾಯಿಯಲ್ಲಿದ್ದ ಗುಟಕಾ ಉಗುಳಿ ಪಕ್ಕಕ್ಕೆ ನಿಲ್ಲುತ್ತಾರೆ. ಯಜಮಾನರು ಪ್ರಾಣೇಶರಾಯರು ವಾಡಿ ಜಂಕ್ಷನ್ನಿನ ಗೂಡ್ಸ್ ಆಫೀಸಿನಲ್ಲಿ ಕ್ಲಾರ್ಕು. ಗೂಡ್ಸ್ ಗಾಡಿಗಳ ಸಹವಾಸದಲ್ಲಿ ಅವರಿಗೂ ಅದೇ ಗುಣ ಬಂದಿತ್ತು. ಮುಂದೆ ಯಾರಾದರೂ ಎಳೆದರೆ ಹೋಗುವರು, ಸಿಗ್ನಲ್ ಸಿಗದಿದ್ದರೆ ಬಿಸಿಲಿನಲ್ಲಿ ನಿಂತೇ ಇರುವರು.

ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆಯಲ್ಲಿ ಶಾರದಾಬಾಯಿಯವರ ಸಿಟ್ಟಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಮಗಳು ಪದ್ಮಜಾಳ ಮದುವೆ ಗೊತ್ತಾಗಿತ್ತು. ಬೀಗರಾಗಲಿದ್ದವರು ಚಿತ್ತಾಪುರದ ಪವಮಾನರಾಯರು. ಸರ್ಕಾರಿ ಕಚೇರಿಯಲ್ಲಿ ಹೆಡ್‌ಕ್ಲಾರ್ಕು, ಹಸನ್ಮುಖಿ, ನಶ್ಯದ ಡಬ್ಬಿ ಇಲ್ಲದೆ ಅಂಗಳಕ್ಕೂ ಇಳಿಯುವವರಲ್ಲ.

ಇವರ ಮನೆತನಗಳಲ್ಲಿ ಬೀಗರ ಊಟಕ್ಕೆ ಒಂದು ಪದ್ಧತಿ ಇದೆ. ಗಂಡಿನ ಕಡೆಯವರು ಎಲೆಯ ಮುಂದೆ ಕುಳಿತು ತುತ್ತು ಎತ್ತುವ ಹೊತ್ತಿಗೆ ಹೆಣ್ಣಿನ ಕಡೆಯ ಹೆಂಗಸರು ಹಾಡು ಕಟ್ಟಿ ಅವರನ್ನು ಬೈಯುತ್ತಾರೆ. ಹೊಟ್ಟೆ, ಬೋಳು ತಲೆ, ಜಿಪುಣತನ, ಮುತ್ತಜ್ಜ ಎಂದೋ ಕದ್ದು ತಿಂದ ಹೂರಣದ ಹೋಳಿಗೆ, ಯಾವುದನ್ನೂ ಬಿಡುವುದಿಲ್ಲ. ಬೈಸಿಕೊಂಡವರು ನಗಬೇಕು. ನಗದಿದ್ದರೆ ಇನ್ನೊಂದು ನುಡಿ ಹೆಚ್ಚಿಗೆ ಬೀಳುತ್ತದೆ. ಈ ವಿದ್ಯೆಯಲ್ಲಿ ಚಿಂಚೋಳಿಯ ಸುಂದರಬಾಯಿಯವರನ್ನು ಮೀರಿಸಿದವರು ಈ ಸೀಮೆಯಲ್ಲಿ ಇರಲಿಲ್ಲ. ಅವರು ಶಾರದಾಬಾಯಿಯವರ ಅಣ್ಣನ ಹೆಂಡತಿ, ಅಂದರೆ ವೈನಿ. ಅವರ ಬಾಯಿಂದ ಬೈಸಿಕೊಂಡ ಬೀಗರು ಅದನ್ನೊಂದು ಸನ್ಮಾನದಂತೆ ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದರು.

ಆ ವೈನಿಯ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಹೈದರಾಬಾದಿನ ಡಾಕ್ಟರು ಜೀವ ಉಳಿಸುತ್ತೇವೆ, ದನಿಯ ಮಾತು ಕೊಡಲಾರೆವು ಎಂದರು. ಆಪರೇಷನ್ನಿಗೆ ಹೋಗುವ ಮುಂಚೆ ಸುಂದರಬಾಯಿ ಒಂದು ವಾರ ಬಾಗಿಲು ಹಾಕಿಕೊಂಡು ಕುಳಿತು, ಹಸೆಗೆ ಕರೆಯುವ ಹಾಡಿನಿಂದ ಹಿಡಿದು ಬೀಗರ ಬೈಗುಳದವರೆಗೆ ಇದ್ದಬದ್ದದ್ದನ್ನೆಲ್ಲ ಹಾಡಿದರು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದುವ ಮಗಳು ಶುಭಾ, ಗೆಳತಿಯ ಕ್ಯಾಮೆರಾ ತಂದು ಅಷ್ಟನ್ನೂ ಚಿತ್ರ ಹಿಡಿದಳು. ಸಾದಾ ರೀತಿಯಲ್ಲಿ ಹಾಕಿದ್ದರೆ ಹತ್ತು ಹದಿನೈದು ಸಿಡಿ ಆಗುತ್ತಿದ್ದವು. ಅವಳು ಗೆಳತಿಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಹಿಂಡಿ, ಒಣ ಮೆಣಸಿನಕಾಯಿಯನ್ನು ಚೀಲಕ್ಕೆ ತುಳಿದು ತುಂಬಿದಂತೆ, ಒಂದೇ ಡಿಸ್ಕಿಗೆ ತುಂಬಿದಳು.

ಡಿಸ್ಕನ್ನು ನಾದಿನಿಯ ಉಡಿಯಲ್ಲಿ ಹಾಕುವಾಗ ಸುಂದರಬಾಯಿ ಎರಡು ಮಾತು ಹೇಳಿದ್ದರು. ಅವರ ದನಿಯಲ್ಲಿ ಶಾರದಾಬಾಯಿ ಕೇಳಿದ ಕಡೆಯ ಮಾತುಗಳೂ ಅವೇ.

"ಪದ್ಮಜಾನ ಮದುವ್ಯಾಗ ನೀನೇ ಹಾಡ್ಬೇಕು, ನಾ ಕುಂತು ಕೇಳ್ತೀನಿ. ಆದ್ರ ಅಲ್ಲೀತನ ಗಂಡಸರ ಕಿವಿಗಿ ಒಂದು ಅಕ್ಷರ ಬೀಳಬಾರದು ನೋಡು. ಬೀಗಗ ಮೊದಲೇ ಗೊತ್ತಾದ್ರ ಅದು ಬೈಗಳ ಅಲ್ಲ, ವರದಿ."

ಅದಕ್ಕೆ ಕಾರಣವೂ ಇತ್ತು. ವೈನಿ ಹಳೆಯ ಧಾಟಿಯಲ್ಲಿ ಪವಮಾನರಾಯರ ಮೇಲೆಯೇ ಹೊಸ ನುಡಿಗಳನ್ನು ಕಟ್ಟಿ ಹಾಡಿದ್ದರು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಎಂದರೆ ಒಂದೇ ಮನೆಯ ನಾಲ್ಕು ಕೋಣೆ ಇದ್ದಂತೆ. ಒಂದು ಕಡೆ ಕೆಮ್ಮಿದರೆ ಇನ್ನೊಂದು ಕಡೆ ಕಷಾಯ ಕುದಿಯುತ್ತದೆ.

ಮೊದಲು ಶಾರದಾಬಾಯಿ ಡಿಸ್ಕನ್ನು ಮನೆಯ ಹಳೆಯ ಸಿಡಿ ಪ್ಲೇಯರಿಗೆ ಹಾಕಿದರು. ಅದು ಗರಗರ ತಿರುಗಿ, ಟಿವಿಯ ಮೇಲೆ 'ನೋ ಡಿಸ್ಕ್' ಎಂದು ಬರೆಯಿತು. ತೆಗೆದು ಒರೆಸಿ ಮತ್ತೆ ಹಾಕಿದರು. ನೋ ಡಿಸ್ಕ್. ಪೆಪ್ಪರಮಿಂಟು ಗಲ್ಲದಲ್ಲಿಟ್ಟುಕೊಂಡು ಬಾಯಿ ತೆರೆದು 'ಏನೂ ಇಲ್ರಿ' ಎನ್ನುವ ಹುಡುಗರನ್ನು ಅವರು ಸಾಕಷ್ಟು ನೋಡಿದ್ದರು. ಹೊಟ್ಟೆಯಲ್ಲಿ ಡಿಸ್ಕ್ ಇಟ್ಟುಕೊಂಡು ಇಲ್ಲ ಎನ್ನುವ ಯಂತ್ರವನ್ನು ನೋಡಿದ್ದು ಅದೇ ಮೊದಲು. ಅದರ ತಲೆಗೆ ಎರಡು ಬಾರಿಸಿದರು. ಆಮೇಲೆ ಶುಭಾಳಿಗೆ ಫೋನು ಹಚ್ಚಿ ಅವಳಿಗೂ ಬಾಯಿಂದಲೇ ಎರಡು ಬಾರಿಸಿದರು. ಶುಭಾ ಹೇಳಿದ್ದಿಷ್ಟು: ಅದು ಹಿಂಡಿದ ವಿಡಿಯೋ, ಹಳೆಯ ಪ್ಲೇಯರಿಗೆ ಬಿಚ್ಚಲು ಬರುವುದಿಲ್ಲ, ಡಬ್ಬಿಯ ಮೇಲೆ ಎಂಪೆಗ್ ಫೋರ್ ಎಂದು ಬರೆದ ಹೊಸದನ್ನು ತರಬೇಕು, ಕಂಪ್ಯೂಟರಿನಲ್ಲಿ ಇದ್ದದ್ದನ್ನು ಅವ್ವ ಹಾಕಿದ ಆಣೆಯ ಪ್ರಕಾರ ತಾನೇ ಅಳಿಸಿ ಹಾಕಿದ್ದಾಗಿದೆ, ಆ ಗೆಳತಿಯೂ ಬೇಸಿಗೆ ರಜೆಗೆ ಕಂಪ್ಯೂಟರ್ ಸಮೇತ ಊರಿಗೆ ಹೋಗಿದ್ದಾಳೆ. ಹೊರಗಿನ ಯಾವ ಕಂಪ್ಯೂಟರ್ ಅಂಗಡಿಗೆ ಒಯ್ದರೂ ಅಲ್ಲಿ ಕೂತಿರುವವನು ಗಂಡಸೇ. ಹೀಗಾಗಿ ಹೊಸ ಪ್ಲೇಯರ್ ಬಿಟ್ಟು ದಾರಿ ಇರಲಿಲ್ಲ.

ಶಹಾಬಾದಿನ ಬಜಾರಿನಲ್ಲಿದ್ದ ಅಂಗಡಿಯವನು ಶಾರದಾಬಾಯಿಯವರಿಗೆ ಕುರ್ಚಿ ಕೊಟ್ಟು ಮಾತನ್ನೆಲ್ಲ ಪ್ರಾಣೇಶರಾಯರಿಗೆ ಕೊಟ್ಟ. ಕೇಳಿದವರು ಇವರು, ಉತ್ತರ ಅವರಿಗೆ. ರಾಯರು ಏನೂ ತಿಳಿಯದೆ ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದರು. ಈ ಮಾಡಲ್ ಎಲ್ಲ ಹಾಡುತ್ತದೆಯೆ ಎಂದು ಶಾರದಾಬಾಯಿ ಕೇಳಿದರೆ, ಅವನು ರಾಯರ ಮುಖ ನೋಡಿ, ಸರ್, ಇದು ಹಾಡದ್ದೇ ಇಲ್ಲ ಎಂದ. ಜಲಪಾತ, ಹೂವು, ಯಾವುದೋ ದೇಶದ ಚಿಟ್ಟೆ ಇದ್ದ ತನ್ನದೇ ಡಿಸ್ಕ್ ಹಾಕಿ ತೋರಿಸಿದ. ಚಿಟ್ಟೆ ಭಾಳ ಚಂದ ಹಾರಿತು. ನಮ್ಮ ಡಿಸ್ಕ್ ಹಾಕು ಎಂದರೆ, ಮನೆಯಲ್ಲಿ ಬರೆದ ಡಿಸ್ಕ್ ಹಾಕಿದರೆ ಒಳಗಿನ ಲೆನ್ಸು ಹೋಗುತ್ತದೆ, ಮೊದಲು ಖರೀದಿ ಮಾಡಿ ಮನೆಯಲ್ಲಿ ನೋಡಿಕೊಳ್ಳಿ ಎಂದ. ಶಾರದಾಬಾಯಿ ಎದ್ದು ನಿಂತರು. ಕೈಗೆ ಹಾಕಿ ನೋಡದೆ ಬಳೆಯನ್ನೂ ಕೊಳ್ಳದವಳು ಚಿಟ್ಟೆ ನೋಡಿ ಪ್ಲೇಯರ್ ಕೊಳ್ಳಲೇ ಎಂದು ಬಜಾರಿನ ಆ ತುದಿಗೆ ಕೇಳುವಂತೆ ಕೇಳಿ ಹೊರಟರು. ಹಿಂದಿನಿಂದ ರಾಯರೂ ಒಂದು ಹೂಂ ಹಾಕಿ ಹೊರಟರು.

ಸೇಡಂನಲ್ಲಿ ಭಗವಂತ ಎಂಬವನ ಅಂಗಡಿ ದೊಡ್ಡದು, ಅವನು ಯಾರ ಡಿಸ್ಕ್ ಬೇಕಾದರೂ ಹಾಕಿ ತೋರಿಸುತ್ತಾನೆ ಎಂದು ಯಾರೋ ಹೇಳಿದರು. ಇಬ್ಬರೂ ಪ್ಯಾಸೆಂಜರ್ ಗಾಡಿ ಹಿಡಿದು ಹೋದರು. ಹೋದಾಗ ಕರೆಂಟ್ ಇರಲಿಲ್ಲ. ಮಧ್ಯಾಹ್ನವೆಲ್ಲ ಟಿವಿಗಳ ಸಾಲಿನ ಮುಂದೆ ಬೆವರು ಒರೆಸಿಕೊಳ್ಳುತ್ತ ಕುಳಿತರು. ಅಂಗಡಿಯ ತುಂಬ ಫ್ಯಾನುಗಳೇ ಇದ್ದವು, ಒಂದೂ ತಿರುಗುತ್ತಿರಲಿಲ್ಲ. ಕರೆಂಟ್ ಬರುವಷ್ಟರಲ್ಲಿ ಶಾರದಾಬಾಯಿಯವರ ಸಿಟ್ಟು ಚೆನ್ನಾಗಿ ಕಾದಿತ್ತು, ಅಂಗಡಿಯಲ್ಲಿ ಹೊತ್ತು ಕಳೆಯುವ ಗಂಡಸರೂ ಚೆನ್ನಾಗಿ ತುಂಬಿದ್ದರು.

ಭಗವಂತ ಡಿಸ್ಕ್ ಹಾಕಲು ಕೈ ಚಾಚಿದಾಗ ಶಾರದಾಬಾಯಿ ಟಿವಿಯ ಆವಾಜ್ ಪೂರ್ತಿ ಬಂದ್ ಮಾಡೆಂದರು. ಅವನು ಒಂದೀಟು ಕೇಳಿ ನೋಡ್ರಿ ಅಕ್ಕೋರೆ ಎಂದ. ಬೇಡವೆಂದರೆ ಬೇಡ. ರಿಮೋಟನ್ನು ತಾವೇ ಹಿಡಿದುಕೊಂಡರು. ಯಜಮಾನರಿಗೂ ಹುಬ್ಬಿನಿಂದಲೇ ಅಪ್ಪಣೆಯಾಯಿತು. ರಾಯರು ಗೋಡೆಯ ಕಡೆ ತಿರುಗಿ ಮಿಕ್ಸರುಗಳ ಸಾಲನ್ನು ಓದತೊಡಗಿದರು. ಕೇಳಿಸದ ಹಾಡಿಗೆ ಬೆನ್ನು ಮಾಡುವುದರಲ್ಲಿ ಏನು ಅರ್ಥ ಎಂದು ಅವರು ಕೇಳಲಿಲ್ಲ. ಕೇಳುವ ಅಭ್ಯಾಸವಿದ್ದಿದ್ದರೆ ಅವರ ಸಂಸಾರ ಇಷ್ಟು ವರ್ಷ ನಡೆಯುತ್ತಿರಲಿಲ್ಲ.

ಪರದೆಯ ಮೇಲೆ ವೈನಿ ಮೂಡಿದರು. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಚಕ್ಕಂಬಕ್ಕಳ ಹಾಕಿ ಕುಳಿತಿದ್ದಾರೆ, ಕೈ ತಾಳ ಹಾಕುತ್ತಿದೆ, ತುಟಿ ಆಡುತ್ತಿದೆ. ಚಿತ್ರ ಕನ್ನಡಿಯಂತೆ ಸ್ವಚ್ಛವಾಗಿತ್ತು.

"ಯಾರ್ರಿ ಅಕ್ಕೋರೆ ಇವ್ರು?" ಎಂದ ಭಗವಂತ.

"ನಮ್ಮ ವೈನಿ. ವಿಷ್ಣು ಸಹಸ್ರನಾಮ ಹೇಳಾಕತ್ಯಾರ."

ಭಗವಂತ ಚಪ್ಪಲಿ ಬಿಟ್ಟು ಟಿವಿಗೆ ಕೈ ಮುಗಿದ. ನೋಡುತ್ತಿದ್ದ ಗಂಡಸರೂ ಮುಗಿದರು. ಬೀಗರ ಮೂಗನ್ನು ಒಂದೊಂದೇ ನುಡಿಯಲ್ಲಿ ಇಳಿಸುತ್ತಿದ್ದ ಸುಂದರಬಾಯಿ ಅಷ್ಟು ಜನರ ನಮಸ್ಕಾರವನ್ನು ತೆಗೆದುಕೊಂಡು ಹಾಗೇ ಮುಂದುವರಿದರು. ಶಾರದಾಬಾಯಿ ಪ್ಲೇಯರ್ ಕಟ್ಟಿಸಿಕೊಂಡರು.

ಮನೆಗೆ ತಂದು, ರಾಯರನ್ನು ಹಿತ್ತಿಲಿಗೆ ಕಳಿಸಿ, ಕದ ಹಾಕಿ ಹಚ್ಚಿದರು. ವೈನಿ ಬಂದರು, ತುಟಿ ಆಡಿಸಿದರು, ತಾಳ ಹಾಕಿದರು. ಸದ್ದಿಲ್ಲ. ಆವಾಜ್ ಏರಿಸಿದರು, ಇಲ್ಲ. ತಂತಿ ಕಿತ್ತು ಮತ್ತೆ ಸಿಕ್ಕಿಸಿದರು, ಇಲ್ಲ. ಬೇರೆ ಭಜನೆಯ ಸಿಡಿ ಹಾಕಿದರೆ ಮನೆ ಅದುರುವಂತೆ ಹಾಡುತ್ತದೆ. ವೈನಿಯನ್ನು ಹಾಕಿದರೆ ಸುಮ್ಮನೆ. ಡಾಕ್ಟರು ಗಂಟಲು ಕೊಯ್ದದ್ದು ಸಾಲದೆಂದು ಈ ಡಬ್ಬಿ ಇನ್ನೊಮ್ಮೆ ಕೊಯ್ದಂತಾಗಿತ್ತು. ಅವರು ಆ ದಿನ ಊಟ ಮಾಡಲಿಲ್ಲ. ಅನ್ನ ಚೆನ್ನಾಗಿಲ್ಲ ಎಂದು ತಾವೇ ಮಾಡಿದ ಅನ್ನವನ್ನು ಬೈದರು.

ಫೋನಿನಲ್ಲಿ ಶುಭಾ ಮೆತ್ತಗೆ ತಿಳಿಸಿದಳು. "ಅತ್ಯಾ, ಚಿತ್ರ ಒಂದು ನಮೂನಿ ಹಿಂಡಿರ್ತದ, ಧ್ವನಿ ಇನ್ನೊಂದು ನಮೂನಿ. ಕೆಲವು ಪ್ಲೇಯರಿಗಿ ಒಂದೇ ಬಿಚ್ಚಲಿಕ್ಕ ಬರ್ತದ. ಅಂಗಡ್ಯಾಗ ಆವಾಜ್ ಕೇಳಿ ತಗೋಬೇಕಿತ್ತಲ್ಲ?"

ಕೇಳಿ ತೆಗೆದುಕೊಳ್ಳಬೇಕಿತ್ತು. ಇದನ್ನು ಯಾರಾದರೂ ಹೇಳುವರೆಂಬ ಭಯದಿಂದಲೇ ಶಾರದಾಬಾಯಿ ಅಷ್ಟು ಹೊತ್ತು ಸಿಟ್ಟಿನಲ್ಲಿದ್ದರು. ಮದುವೆ ಹತ್ತಿರ ಬಂದಿತ್ತು, ಒಂದು ಹಾಡೂ ಬಾಯಿಗೆ ಬಂದಿರಲಿಲ್ಲ. ವೈನಿ ಚಿಂಚೋಳಿಯಲ್ಲಿ ಕೊರಳಿಗೆ ವಸ್ತ್ರ ಸುತ್ತಿಕೊಂಡು, ನಾದಿನಿ ಕಲಿಯುತ್ತಿದ್ದಾಳೆ ಎಂದು ನೆಮ್ಮದಿಯಿಂದ ಕುಳಿತಿದ್ದರು.

ಮರುದಿನವೇ ಡಬ್ಬಿಯನ್ನು ರಾಯರ ಹೆಗಲಿಗೇರಿಸಿ ಸೇಡಂಗೆ ಹೋದರು. ಭಗವಂತ ಸಿಟ್ಟಾಗಲಿಲ್ಲ. ಅದು ಶಾರದಾಬಾಯಿಯವರನ್ನು ಇನ್ನಷ್ಟು ಕೆರಳಿಸಿತು.

"ಆವಾಜ್ ಬಂದ್ ಮಾಡು ಅಂದವ್ರು ನೀವೇ ಅಲ್ರಿ ಅಕ್ಕೋರೆ."

"ಮಾರೂ ಮುಂದ ಅದು ಮೂಕ ಅದ ಅಂತ ಹೇಳಬೇಕೋ ಬ್ಯಾಡೊ ನೀ?"

"ಮೂಕ ಹ್ಯಾಂಗ್ರಿ, ಬ್ಯಾರೆ ಡಿಸ್ಕಿಗಿ ಹಾಡ್ತದಲ್ಲ. ಮತ್ತ ಸಹಸ್ರನಾಮ ನಿಮಗ ಬಾಯಿಪಾಠ ಇರ್ತದ. ಅವ್ರ ತುಟಿ ನೋಡಿ ನೀವೇ ಅಂದ್ಕೋರಿ, ಪುಣ್ಯ ಅಷ್ಟೇ ಬರ್ತದ."

ಅಂಗಡಿಯಲ್ಲಿ ಕುಳಿತವರು ನಕ್ಕರು. ತಾವು ಹೇಳಿದ ಸುಳ್ಳಿಗೆ ಇಷ್ಟು ಚಂದದ ಉತ್ತರ ಬರುವುದೆಂದು ಶಾರದಾಬಾಯಿ ಎಣಿಸಿರಲಿಲ್ಲ. ಭಗವಂತ ಮುಂದುವರಿದು, ಬೇರೆ ಮಾಡಲ್ ಇದೆ, ಈಗಲೇ ಆವಾಜ್ ಹಾಕಿ ಹಚ್ಚೋಣ, ಬಂದರೆ ಬದಲಿ ಕೊಡುತ್ತೇನೆ ಎಂದ. ನ್ಯಾಯದ ಮಾತು. ಅದಕ್ಕೆ ಒಪ್ಪಲು ಬಾಯಿ ತೆರೆಯುವಷ್ಟರಲ್ಲಿ ಸ್ಟೂಲಿನ ಮೇಲಿದ್ದವನೊಬ್ಬ, ಅಕ್ಕೋರೆ, ನಾನು ಚಿತ್ತಾಪುರದವ, ನಿಮ್ಮ ಬೀಗರು ನಮಗೆ ಬೇಕಾದವರು, ಹಚ್ಚಿಸಿರಿ, ನಮಗೂ ಸಹಸ್ರನಾಮ ಕಿವಿಗೆ ಬೀಳಲಿ ಎಂದ. ಶಾರದಾಬಾಯಿ ಡಿಸ್ಕನ್ನು ಭಗವಂತನ ಕೈಯಿಂದ ಕಸಿದುಕೊಂಡರು. ಬದಲಿಯೂ ಬೇಡ, ನಿನ್ನ ಅಂಗಡಿಯೂ ಬೇಡ, ದೇವರ ಹೆಸರು ಹಾಕಿಕೊಂಡು ಮೂಕ ಸಾಮಾನು ಮಾರುತ್ತೀ ಎಂದರು. ಪಾಪ, ಹೆಸರಿಟ್ಟವರು ಅವನ ತಂದೆತಾಯಿ. ಅವನ ಮೇಲೆ ಅನ್ಯಾಯವಾಯಿತೆಂದು ಮೆಟ್ಟಿಲು ಇಳಿಯುವಾಗಲೇ ಅವರಿಗೆ ಗೊತ್ತಾಗಿತ್ತು. ಹೀಗಾಗಿ ಸ್ಟೇಷನ್ನಿನವರೆಗೆ ರಾಯರನ್ನು ಬೈದರು.

ಗಾಡಿ ಚಿತ್ತಾಪುರದಲ್ಲಿ ನಿಂತಾಗ ಬೋಗಿಗೆ ಹತ್ತಿದವರು ಸಾಕ್ಷಾತ್ ಪವಮಾನರಾಯರು. ವಾಡಿಯಲ್ಲಿ ಲಗ್ನಪತ್ರಿಕೆ ಹಂಚಲು ಹೊರಟಿದ್ದರು. ಬೀಗರನ್ನು ಕಂಡು ಅವರಿಗೆ ಸಂತೋಷ ತಡೆಯಲಿಲ್ಲ. ಪಕ್ಕದಲ್ಲಿ ಕುಳಿತು, ನಶ್ಯದ ಡಬ್ಬಿ ತಟ್ಟಿ, ಈ ಪೆಟ್ಟಿಗೆ ಏನೆಂದು ಕೇಳಿದರು. ಪ್ರಾಣೇಶರಾಯರಿಗೆ ಸುಳ್ಳು ಬರುವುದಿಲ್ಲ. ಪ್ಲೇಯರ್, ಒಂದು ಡಿಸ್ಕಿಗೆ ಆವಾಜ್ ಬರುತ್ತಿಲ್ಲ ಎಂದುಬಿಟ್ಟರು.

"ಅಷ್ಟೇ ಏನ್ರಿ? ನಮ್ಮ ಮನ್ಯಾಗ ಒಂದು ಅದ, ಏನು ಹಾಕಿದ್ರೂ ಹಾಡ್ತದ. ಡಿಸ್ಕ್ ಇಲ್ಲಿ ಕೊಡ್ರಿ ಬೀಗತಿಯವ್ರೆ, ಹಾಡ್ತದೇನು ನಾ ಕೇಳಿ ನೋಡಿ ಹೇಳ್ತೀನಿ."

ಅವರು ಕೈ ಚಾಚಿದರು. ಕಪಟವಿಲ್ಲದ, ನಶ್ಯದ ಕಂದು ಹತ್ತಿದ ಕೈ. ಶಾರದಾಬಾಯಿ ಡಿಸ್ಕ್ ಇದ್ದ ಚೀಲವನ್ನು ಮಡಿಲಿಗೆ ಒತ್ತಿಕೊಂಡರು. ಇಷ್ಟು ಒಳ್ಳೆಯ ಮನುಷ್ಯನನ್ನು ಬೈಯಲೆಂದು ಇಷ್ಟು ಒದ್ದಾಡಬೇಕಾಯಿತಲ್ಲ ಎಂದು ಅವರಿಗೆ ಆ ಒಳ್ಳೆಯತನದ ಮೇಲೆಯೇ ಸಿಟ್ಟು ಬಂತು. ಇದು ಶಾಲೆಯ ಸರ್ಕಾರಿ ಡಿಸ್ಕು, ಹೊರಗಿನವರಿಗೆ ಕೊಡುವಂತಿಲ್ಲ ಎಂದರು. ಪವಮಾನರಾಯರು ಸರ್ಕಾರಿ ನೌಕರರು. ತಕ್ಷಣ ಕೈ ಹಿಂದೆ ತೆಗೆದುಕೊಂಡರು. ಆದರೆ ವಾಡಿಯಲ್ಲಿ ಇಳಿದ ಮೇಲೆ ಬಿಡಲಿಲ್ಲ. ಸ್ಟೇಷನ್ ಎದುರಿಗೆ ಒಂದು ಅಂಗಡಿ ಇದೆ, ತೋರಿಸುತ್ತೇನೆ ಎಂದು ಪೆಟ್ಟಿಗೆಯ ಒಂದು ತುದಿ ತಾವೇ ಹಿಡಿದು ನಡೆದರು.

ಆ ಅಂಗಡಿಯ ದುಡ್ಡಿನ ಗಲ್ಲೆಯ ಮೇಲೆ ಜೈಬುನ್ನೀಸಾ ಎಂಬ ಹೆಂಗಸು ಕುಳಿತಿದ್ದರು. ಗಂಡನ ಕಣ್ಣು ಮಂಜಾದ ಮೇಲೆ ಅಂಗಡಿ ಅವರದೇ. ಹೊರಗೆ ಪಡಸಾಲೆಯಲ್ಲಿ ಒಂದು ಟಿವಿಯಲ್ಲಿ ಕ್ರಿಕೆಟ್ ಬರುತ್ತಿತ್ತು. ಇಬ್ಬರು ಬೀಗರೂ ಬಾಗಿಲಲ್ಲೇ ನಿಂತರು. ಶಾರದಾಬಾಯಿ ಡಿಸ್ಕ್ ಕೊಟ್ಟು, ಹಾಕ್ರಿ, ಆದರೆ ಆವಾಜ್ ಬೇಡ ಎಂದರು.

"ಆವಾಜ್ ಇಲ್ಲಾರ್ದು ಏನ್ ನೋಡ್ತೀರಿ ಬಾಯಿಯವ್ರೆ? ನಿಮ್ಮ ತಕರಾರೇ ಆವಾಜಿಂದಲ್ಲ?"

ಶಾರದಾಬಾಯಿಯವರ ಕಟ್ಟೆ ಒಡೆಯಿತು. ದನಿ ಇಳಿಸಿ, ಆದರೆ ಒಂದೇ ಉಸಿರಿನಲ್ಲಿ, ಎಲ್ಲವನ್ನೂ ಹೇಳಿದರು: ಚಿಟ್ಟೆ, ಸಹಸ್ರನಾಮ, ಗಾಡಿಯಲ್ಲಿ ಚಾಚಿದ ಕೈ, ವೈನಿಯ ಗಂಟಲು, ಬಾಗಿಲಲ್ಲಿ ನಿಂತಿರುವವರೇ ಆ ಬೀಗ ಎಂಬುದನ್ನೂ. ಹೇಳುತ್ತ ಹೇಳುತ್ತ ಗಲ್ಲೆಯನ್ನು ಎರಡು ಸಲ ಗುದ್ದಿದರು. ಜೈಬುನ್ನೀಸಾ ನಡುವೆ ಬಾಯಿ ಹಾಕದೆ ಕೇಳಿದರು.

"ಬೀಗಗ ಅಂದ್ರ ಸಮ್ಧಿಗಿ ಬೈಯೂ ಗೀತ್ ಅಂತ ಮೊದಲೇ ಹೇಳಬಾರದೇನು? ನಮ್ಮಲ್ಲಿ ಢೋಲಕ್ ಬಡದು ಬೈತೀವಿ. ಮುಂಚೇನೇ ತಿಳದ್ರ ಮಜಾ ಎಲ್ಲಿ ಉಳೀತದ."

ಅವರು ಎದ್ದು ಹೊರಗಿನ ಟಿವಿಯ ಆವಾಜ್ ಪೂರ್ತಿ ಏರಿಸಿ, ಬೀಗರಿಬ್ಬರನ್ನೂ ಅದರ ಮುಂದೆ ಬೆಂಚಿನ ಮೇಲೆ ಕುಳ್ಳಿರಿಸಿದರು. ಕೊನೆಯ ಓವರುಗಳು ನಡೆದಿದ್ದವು. ಇನ್ನು ಅವರ ಕಿವಿಯ ಚಿಂತೆ ಇರಲಿಲ್ಲ. ಒಳಗೆ ಬಂದು ಶಟರನ್ನು ಎಳೆದರು. ಯಾವ ಮಾಡಲ್ ಏನು ಬಿಚ್ಚುತ್ತದೆ ಎಂಬುದು ತಮಗೂ ಗೊತ್ತಿಲ್ಲ, ಒಂದೊಂದಾಗಿ ಹಚ್ಚಿ ನೋಡುವುದೇ ಎಂದು ಡಬ್ಬಿಗಳನ್ನು ಒಡೆಯತೊಡಗಿದರು.

ಮೊದಲನೆಯದರಲ್ಲಿ ವೈನಿ ಬಾಯಿ ತೆರೆದಲ್ಲಿಗೆ ಕಲ್ಲಾದರು. ಎರಡನೆಯದರಲ್ಲಿ ಮತ್ತೆ ಮೂಕ. ಮತ್ತೊಂದರಲ್ಲಿ ದನಿ ಬಂತು, ಆದರೆ ತುಟಿ ಮುಚ್ಚಿದ ಮೇಲೆ ಬಂತು. ಶಟರ್ ಹಾಕಿದ ಅಂಗಡಿ ಒಲೆಯಂತೆ ಕಾದಿತ್ತು. ಈ ಪ್ಲೇಯರ್ ಮಾಡಿದವರ ವಂಶವನ್ನು ಶಾರದಾಬಾಯಿ ಕನ್ನಡದಲ್ಲೂ ಜೈಬುನ್ನೀಸಾ ಉರ್ದುವಿನಲ್ಲೂ ಬೈದರು. ಆಮೇಲೆ ಧೂಳು ಹಿಡಿದ, ಯಾರೂ ಕೇಳದ ಒಂದು ಡಬ್ಬಿ ಕೆಳಗೆ ಬಂತು. ಅದನ್ನು ಹಚ್ಚಿದೊಡನೆ, ಕಿವಿಯ ಪಕ್ಕದಲ್ಲೇ ಕುಳಿತವರಂತೆ, ಸುಂದರಬಾಯಿ ಹಾಡಿದರು:

ಮೂಗು ಮುಂದ, ಬೀಗ ಹಿಂದ, ಬಂದಾನ ನೋಡವ್ವ
ನಶ್ಯ ಏರಿಸಿ ಸೀನ್ಯಾನಂದ್ರ ವಾಡಿ ಗಾಡಿ ನಿಂತಾವವ್ವ

ಜೈಬುನ್ನೀಸಾ ಸೆರಗು ಬಾಯಿಗೆ ತುರುಕಿಕೊಂಡು ನೆಲಕ್ಕೆ ಕುಸಿದು ನಕ್ಕರು. ಶಾರದಾಬಾಯಿ ನಗಲಿಲ್ಲ. ಆಪರೇಷನ್ನಿನ ನಂತರ ಆ ದನಿ ನೆಟ್ಟಗೆ ಅವರ ಕಿವಿಗೆ ಬಿದ್ದದ್ದು ಇದೇ ಮೊದಲು. ಕಣ್ಣು ತುಂಬಿ ಬಂದದ್ದಕ್ಕೆ ವಾಡಿಯ ಸಿಮೆಂಟ್ ಧೂಳನ್ನು ಬೈಯುತ್ತ ಅವರು ಇನ್ನೊಂದು ನುಡಿ ಹಾಕಿಸಿದರು, ಮತ್ತೊಂದು ಹಾಕಿಸಿದರು. ಸೇಡಂನ ಪ್ಲೇಯರನ್ನು ಜೈಬುನ್ನೀಸಾ ಬದಲಿಗೆ ಇಟ್ಟುಕೊಂಡರು; ಸಾದಾ ಸಿಡಿ ಹಾಕುವವರಿಗೆ ಅದು ನಡೆಯುತ್ತದೆ ಎಂದರು. ಹೊರಗೆ ಪವಮಾನರಾಯರು ಪಂದ್ಯ ಸೋತ ಸಿಟ್ಟಿನಲ್ಲಿದ್ದರು, ಶಟರ್ ಎದ್ದದ್ದನ್ನೂ ನೋಡಲಿಲ್ಲ.

ಅಲ್ಲಿಂದ ಮದುವೆಯವರೆಗೆ ಪ್ರಾಣೇಶರಾಯರು ದಿನಾ ಸಂಜೆ ಹಿತ್ತಿಲಿನಲ್ಲಿ ಕುಳಿತರು. ಒಳಗೆ ಶಾರದಾಬಾಯಿ ರಿಮೋಟ್ ಹಿಡಿದು, ಒಂದು ಸಾಲು ಕೇಳಿ, ನಿಲ್ಲಿಸಿ, ಹೇಳಿ, ತಪ್ಪಿ, ತಮ್ಮನ್ನೇ ಬೈದುಕೊಂಡು ಕಲಿತರು.

ಬೀಗರ ಊಟದ ದಿನ ಮದುವೆ ನಡೆದ ಮಠದ ಪಡಸಾಲೆಯಲ್ಲಿ ಎಲೆ ಹಾಕಿತ್ತು. ಪವಮಾನರಾಯರು ಸಾಲಿನ ತುದಿಯಲ್ಲಿ ಕುಳಿತಿದ್ದರು. ಎದುರಿನ ಗೋಡೆಗೆ ಒರಗಿ, ಕೊರಳಿಗೆ ವಸ್ತ್ರ ಸುತ್ತಿಕೊಂಡ ಸುಂದರಬಾಯಿ. ಅವರು ಹಾಡುವುದಿಲ್ಲವೆಂದು ತಿಳಿದಿದ್ದ ಬೀಗರ ಕಡೆಯವರು, ಈ ಸಲ ಬೈಗುಳವಿಲ್ಲದ ಬರಿಯ ಊಟ ಎಂದು ಸಪ್ಪಗೆ ಮಾತಾಡಿಕೊಳ್ಳುತ್ತಿದ್ದರು. ಶಾರದಾಬಾಯಿ ಸೆರಗು ಸಿಗಿಸಿ ನಿಂತು ಹಾಡು ಎತ್ತಿಕೊಂಡರು. ಮೂಗು ಮುಂದ ಬಂತು, ಬೀಗ ಹಿಂದ ಬಂದ. ಬಡಿಸುವವರು ನಿಂತರು. ಪವಮಾನರಾಯರ ಬಾಯಿ ತೆರೆಯಿತು. ಇಷ್ಟು ದಿನ ಒಳಗೆ ಕುದ್ದದ್ದೆಲ್ಲ ಒಮ್ಮೆಲೆ ಹೊರಬೀಳುವ ಅವಸರದಲ್ಲಿ ಹಾಡು ಓಡಿತು, ವಾಡಿಯ ಗಾಡಿಗಳು ನಿಲ್ಲುವ ಬದಲು ಹೊಡೆದುಕೊಂಡು ಹೋದವು.

ಪಟಾರನೆ ಸದ್ದಾಯಿತು. ಸುಂದರಬಾಯಿ ಅಂಗೈಯಿಂದ ಕಲ್ಲಿನ ನೆಲಕ್ಕೆ ಹೊಡೆದಿದ್ದರು. ಮುಖ ಕೆಂಪಾಗಿತ್ತು. ಕೈ ಎತ್ತಿ ಅಡ್ಡಡ್ಡ ಆಡಿಸಿದರು. ಆಮೇಲೆ ಎರಡು ಬೆರಳುಗಳನ್ನು ಗಾಳಿಯಲ್ಲಿ ನಿಧಾನವಾಗಿ, ಭಾಳ ನಿಧಾನವಾಗಿ, ಎಳೆದು ತೋರಿಸಿದರು. ನುಡಿಯನ್ನು ಜಗಿಯಬೇಕು, ನುಂಗಬಾರದು.

ಶಹಾಬಾದಿನಲ್ಲಿ ಶಾರದಾಬಾಯಿಯವರನ್ನು ನಡುವೆ ತಡೆದು ತಪ್ಪು ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವರ ಮೂಗಿನ ಹೊಳ್ಳೆಗಳು ಅರಳಿದವು. ವೈನಿಯನ್ನು ದುರುಗುಟ್ಟಿ ನೋಡಿದರು. ವೈನಿ ಅದಕ್ಕಿಂತ ಹೆಚ್ಚು ದುರುಗುಟ್ಟಿ ನೋಡಿದರು. ಕೊನೆಗೆ ಶಾರದಾಬಾಯಿ ಉಸಿರು ಎಳೆದು, ಹಲ್ಲು ಕಚ್ಚಿ, ಮೊದಲನೆಯ ಸಾಲಿನ ಮೊದಲನೆಯ ಅಕ್ಷರದಿಂದ ಮತ್ತೆ ಶುರು ಮಾಡಿದರು. ನೆಲದ ಮೇಲೆ ಅಂಗೈ ಈಗ ತಾಳ ಹಾಕತೊಡಗಿತು. ಪವಮಾನರಾಯರು ಕಲಸಿದ ಅನ್ನದ ಮೇಲೆ ಕೈ ಹಾಗೇ ಇಟ್ಟುಕೊಂಡು, ಅದೇ ಬೈಗುಳವನ್ನು ಎರಡನೆಯ ಸಲ, ಈಗ ಪೂರ್ತಿಯಾಗಿ, ಒಂದು ನುಡಿಯೂ ಬಿಡದೆ ಬೈಸಿಕೊಂಡರು.